ಹಳೆ ಎಂಜಿಬಿಗೆ ಸೂಪರ್‌ಚಾರ್ಜರ್ ಕೂರಿಸುವುದು ಹೇಗೆ?

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ, ಎಂಜಿ ಕಂಪನಿಯ ಎಂಜಿಬಿ ನೋಡಲು ರೇಸ್ ಕಾರು, ಓಡಿಸಿದರೆ ಸಾಧು. ಅದರ 1,798 ಸಿಸಿ ಎಂಜಿನ್ ಹೊಸದಿದ್ದಾಗಲೇ ಕೊಡುತ್ತಿದ್ದದ್ದು ಸುಮಾರು 95 ಅಶ್ವಶಕ್ತಿ. 70ರ ದಶಕದ ಕೊನೆಗೆ ಅಮೆರಿಕಕ್ಕೆ ಹೋದ ಕಾರುಗಳಲ್ಲಂತೂ ಹೊಗೆ ನಿಯಮಗಳ ದೆಸೆಯಿಂದ ಅದು 60ರ ಆಸುಪಾಸಿಗೆ ಇಳಿದಿತ್ತು. ಈ ಕೊರತೆ ತುಂಬಲು ಬ್ರಿಟನ್, ಅಮೆರಿಕದ ಮಾಲೀಕರು ಹಿಡಿದ ದಾರಿಗಳಲ್ಲಿ ಒಂದು ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿನ ಬೆಲ್ಟ್‌ನಿಂದಲೇ ತಿರುಗಿ ಒಳಗೆ ಜಾಸ್ತಿ ಗಾಳಿ ದೂಡುವ ಪಂಪು. ಬ್ಲೋವರ್ ಅನ್ನುವುದೂ ಇದನ್ನೇ. ಎಂಜಿ ಮನೆತನಕ್ಕೆ ಇದೇನು ಹೊಸದಲ್ಲ. 1933ರಲ್ಲಿ ಇಟಲಿಯ ತಾಜಿಯೊ ನುವೊಲಾರಿ ಟೂರಿಸ್ಟ್ ಟ್ರೋಫಿ ಗೆದ್ದದ್ದು ಸೂಪರ್‌ಚಾರ್ಜರ್ ಇದ್ದ ಎಂಜಿ ಕೆ3 ಕಾರಿನಲ್ಲೇ.

ಬ್ಲೋವರ್ ಕೂರಿಸುವುದು ಒಂದು ವಾರಾಂತ್ಯದ ಕೆಲಸ. ಅದು ಕೂತ ಮೇಲೂ ಪಿಸ್ಟನ್ ಉಳಿಯುವಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ.

ಒಳಗೆ ಏನಾಗುತ್ತದೆ

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್). ಮಾಮೂಲಿ ಎಂಜಿನ್ ಇಷ್ಟರಲ್ಲೇ ಉಸಿರಾಡಬೇಕು. ಬ್ಲೋವರ್ ಇದರ ಮೇಲೆ ಇನ್ನೂ 6 ಪಿಎಸ್‌ಐ (ಈ ಹೆಚ್ಚುವರಿ ಒತ್ತಡವೇ ಬೂಸ್ಟ್) ದೂಡಿದರೆ ಒತ್ತಡ 1.41 ಪಟ್ಟಾಗುತ್ತದೆ. ಹಾಗಂತ ಶಕ್ತಿ ಪೂರ್ತಿ ಶೇ 41 ಜಾಸ್ತಿ ಆಗುವುದಿಲ್ಲ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದದ್ದು ಹಿಗ್ಗುತ್ತದೆ. ಬ್ಲೋವರ್ ತಿರುಗಿಸಲು ಎಂಜಿನ್ನೇ ಒಂದಿಷ್ಟು ಶಕ್ತಿ ಕೊಡಬೇಕು. 95 ಇದ್ದದ್ದು 120-125ಕ್ಕೆ ಬಂದರೆ ಒಳ್ಳೆಯ ಕೆಲಸ ಅಂದುಕೊಳ್ಳಿ. ಅದಕ್ಕಿಂತ ಸುಖ ಕೊಡುವುದು ಕೆಳಗಿನ ವೇಗದಲ್ಲೇ ಸಿಗುವ ಎಳೆತ. ಏರಿನಲ್ಲಿ ಗೇರ್ ಇಳಿಸುವ ಪ್ರಮೇಯವೇ ಕಡಿಮೆಯಾಗುತ್ತದೆ.

ಅಂದಹಾಗೆ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ 13 ಪಿಎಸ್‌ಐಗಿಂತ ತುಸು ಹೆಚ್ಚು, ಅಷ್ಟೇ. ಮಂಗಳೂರಿನಲ್ಲಿ ಚುರುಕಾಗಿದ್ದ ಹಳೆ ಕಾರು ಇಲ್ಲಿ ಸೊರಗಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಮೊದಲು ಎಂಜಿನ್ ಪರೀಕ್ಷೆ

ಎಂಜಿನ್ ಬಿಸಿ ಇರುವಾಗ ನಾಲ್ಕೂ ಪ್ಲಗ್ ಬಿಚ್ಚಿ. ಆಕ್ಸಿಲರೇಟರ್ ಪೂರ್ತಿ ಒತ್ತಿಟ್ಟು ಒಂದೊಂದೇ ಸಿಲಿಂಡರಿನ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಅಳೆಯಿರಿ. ನಾಲ್ಕರ ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅಲ್ಲಿಗೇ ನಿಲ್ಲಿಸಿ. ಆ ದುಡ್ಡು ರಿಂಗ್, ವಾಲ್ವ್‌ಗೆ ಹೋಗಲಿ. ಈ ಎಂಜಿನ್ನಿನ ಸಿಲಿಂಡರ್ ಹೆಡ್ ಬಿರುಕು ಬಿಡುವ ಜಾಗವೂ ಗೊತ್ತಿರುವಂಥದ್ದೇ, ಮಧ್ಯದ ಎರಡು ಎಕ್ಸಾಸ್ಟ್ ವಾಲ್ವ್‌ಗಳ ನಡುವೆ. ಹೆಡ್ ಹೇಗೂ ಬಿಚ್ಚಿದ್ದರೆ ಅಲ್ಲಿ ಮೊದಲು ನೋಡಿ. ರೇಡಿಯೇಟರ್ ಅರ್ಧ ಕಟ್ಟಿಕೊಂಡಿದ್ದರೆ ಅದನ್ನೂ ಈಗಲೇ ಸರಿಮಾಡಿ. ಜಾಸ್ತಿ ಶಕ್ತಿ ಅಂದರೆ ಜಾಸ್ತಿ ಬಿಸಿ, ಅಲ್ವಾ?

ಟರ್ಬೊ ಯಾಕೆ ಬೇಡ

ಎಂಜಿಬಿಯಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಮತ್ತು ಹೊಗೆ ಹೊರಹೋಗುವ ಎಕ್ಸಾಸ್ಟ್ ಎರಡೂ ಎಂಜಿನ್ನಿನ ಒಂದೇ ಬದಿಗಿವೆ. ಎಕ್ಸಾಸ್ಟ್ ಹೊಗೆಯಿಂದ ತಿರುಗಿ ಕೆಂಪಗೆ ಕಾಯುವ ಟರ್ಬೊವನ್ನು ಪೆಟ್ರೋಲ್ ತುಂಬಿದ ಕಾರ್ಬುರೇಟರ್ ಪಕ್ಕ ತೂಗಿಹಾಕುವುದು ಸುಮ್ನೆ ತಲೆನೋವು. ಮಾಡಿದವರಿದ್ದಾರೆ. ನಾನಂತೂ ಮಾಡಿ ಅಂತ ಹೇಳುವುದಿಲ್ಲ.

ಬ್ಲೋವರ್, ಪುಲ್ಲಿ, ಲೆಕ್ಕ

ಈ ಎಂಜಿನ್ನಿಗೆ ಸಾಮಾನ್ಯವಾಗಿ ಬಳಸುವುದು ಈಟನ್ ಎಂ45. 2000ದ ದಶಕದ ಮೊದಲ ಮಿನಿ ಕೂಪರ್ ಎಸ್‌ನಲ್ಲಿ ಇದ್ದದ್ದೂ ಇದೇ ಕುಟುಂಬದ್ದು. ಒಂದು ಸುತ್ತಿಗೆ ಇದು 45 ಘನ ಇಂಚು, ಅಂದರೆ ಸುಮಾರು 737 ಸಿಸಿ ಗಾಳಿ ದೂಡುತ್ತದೆ. ಎಂಜಿನ್ ಒಂದು ಸುತ್ತಿಗೆ ಎಳೆಯುವುದು 1,798ರ ಅರ್ಧ, 899 ಸಿಸಿ. ಬೆಲ್ಟ್ ಓಡುವ ಎಂಜಿನ್ನಿನ ಪುಲ್ಲಿ, ಬ್ಲೋವರಿನ ಪುಲ್ಲಿ ಎರಡೂ ಒಂದೇ ಅಳತೆ ಇದ್ದರೆ ಬ್ಲೋವರ್ ಕೊಡುವುದು ಎಂಜಿನ್ ಕೇಳಿದ್ದಕ್ಕಿಂತ ಕಡಿಮೆ. ಬೂಸ್ಟ್ ಮಾತು ಹಾಗಿರಲಿ, ಉಸಿರೇ ಕಟ್ಟುತ್ತದೆ.

ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿ 126 ಮಿ.ಮೀ., ಬ್ಲೋವರ್ ಪುಲ್ಲಿ 70 ಮಿ.ಮೀ. ಇದೆ ಅಂತಿಟ್ಟುಕೊಳ್ಳಿ. ಅನುಪಾತ 1.8. ಆಗ ಬ್ಲೋವರ್ ದೂಡುವುದು ಸುಮಾರು 1,327 ಸಿಸಿ, ಎಂಜಿನ್ ಎಳೆಯುವುದರ 1.48 ಪಟ್ಟು. ರೋಟರ್ ಸಂದಿಯಲ್ಲಿ ಸೋರುವುದು, ಬಿಸಿಯಾಗಿ ಹಿಗ್ಗುವುದು ಎಲ್ಲ ಸೇರಿ ಗೇಜ್ ಎಷ್ಟು ತೋರಿಸುತ್ತದೆ ಅನ್ನುವುದು ಓಡಿಸಿದ ಮೇಲೇ ಗೊತ್ತಾಗುವುದು. ಅದಕ್ಕೇ ಶುರುವಿಗೆ ಬ್ಲೋವರ್‌ಗೆ ತುಸು ದೊಡ್ಡ ಪುಲ್ಲಿ ಹಾಕಿ, ಬೂಸ್ಟ್ ಕಡಿಮೆ ಇರಲಿ. ಆಮೇಲೆ ಚಿಕ್ಕದಕ್ಕೆ ಬನ್ನಿ. 6 ಪಿಎಸ್‌ಐ ದಾಟಬೇಡಿ.

ಬೆಲ್ಟ್ ಓಡುವ ಪುಲ್ಲಿಗಳೆಲ್ಲ ಒಂದೇ ಗೆರೆಯಲ್ಲಿರಬೇಕು. ನೇರವಾದ ಪಟ್ಟಿ ಇಟ್ಟು ನೋಡಿ. ಒಂದೆರಡು ಮಿ.ಮೀ. ಆಚೀಚೆ ಆದರೂ ಬೆಲ್ಟ್ ಕಿರುಚುತ್ತದೆ, ಅಂಚು ಸವೆಯುತ್ತದೆ.

ಕಾರ್ಬುರೇಟರ್ ಎಲ್ಲಿರಬೇಕು? ಬ್ಲೋವರಿನ ಮುಂಚೆ. ಅಂದರೆ ಬ್ಲೋವರ್ ಗಾಳಿ, ಪೆಟ್ರೋಲ್ ಎರಡನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಮೂಲದ ಎರಡು ಕಾರ್ಬುರೇಟರ್ ತೆಗೆದು ಎಸ್‌ಯು ಕಂಪನಿಯ ಒಂದೇ ದೊಡ್ಡದು, 1¾ ಇಂಚಿನ ಎಚ್‌ಐಎಫ್44 ಹಾಕಿದರೆ ಸಾಕು. ಪೆಟ್ರೋಲ್ ಆವಿಯಾಗುತ್ತಾ ಬ್ಲೋವರನ್ನು ತಣ್ಣಗಿಡುತ್ತದೆ. ಕಾರ್ಬುರೇಟರ್ ಮೇಲೆ ಬೂಸ್ಟ್ ಬೀಳದ ಕಾರಣ ಹಳೆಯ ಪೆಟ್ರೋಲ್ ಪಂಪೇ ನಡೆಯುತ್ತದೆ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮಾತ್ರ ಹಾಕುವಂತಿಲ್ಲ. ಅದರೊಳಗೆ ಪೆಟ್ರೋಲ್ ನಿಂತು ಬ್ಯಾಕ್‌ಫೈರ್ ಆದರೆ ಗತಿ ಏನು? ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪನ್ನು ಬೂಸ್ಟ್ ಬರುವ ಕಡೆಗೆ ಕೊಡಬೇಡಿ. ಬ್ರೇಕ್ ಒತ್ತಲು ನೆರವಾಗುವ ಸರ್ವೊ ಇದ್ದರೆ ಅದರ ಒನ್‌ವೇ ವಾಲ್ವ್ ಗಟ್ಟಿಯಾಗಿದೆಯಾ ನೋಡಿ.

ನಾಕಿಂಗ್ ಅನ್ನುವ ಶತ್ರು

ಒತ್ತಡ, ಬಿಸಿ ಜಾಸ್ತಿಯಾಗಿ ಸಿಲಿಂಡರಿನ ಮಿಶ್ರಣ ತಾನಾಗಿಯೇ ಸಿಡಿಯುವುದೇ ನಾಕಿಂಗ್. ಮಾಮೂಲಿ ಎಂಜಿಬಿಯ ಕಂಪ್ರೆಶನ್ ಅನುಪಾತ, ಅಂದರೆ ಸಿಲಿಂಡರಿನಲ್ಲಿ ಮಿಶ್ರಣ ಕುಗ್ಗುವ ಪಟ್ಟು, 8.8. ಇದನ್ನು 6 ಪಿಎಸ್‌ಐ ಬೂಸ್ಟ್‌ನ 1.41ರಿಂದ ಗುಣಿಸಿದರೆ 12.4. ಎರಕದ ಕಬ್ಬಿಣದ ಹಳೆ ಹೆಡ್‌ಗೆ ಇದು ಭಾರಿ ಆಯಿತು. ಕಡಿಮೆ ಕಂಪ್ರೆಶನ್ನಿನ, 8.0ರ ಎಂಜಿನ್ ಆದರೆ 11.3. ಯಾರಿಗೂ ಬೇಡದ ಈ ಸಪ್ಪೆ ಎಂಜಿನ್ನೇ ಬ್ಲೋವರ್‌ಗೆ ಹೇಳಿ ಮಾಡಿಸಿದ್ದು! ನಿಮ್ಮದು 8.8 ಆಗಿದ್ದರೆ ಕಡಿಮೆ ಕಂಪ್ರೆಶನ್ ಪಿಸ್ಟನ್ ಹಾಕಿಸಿ. ದಪ್ಪ ಗ್ಯಾಸ್ಕೆಟ್ ಹಾಕಿ ಜಾರಿಕೊಳ್ಳುವವರಿದ್ದಾರೆ. ಅದರಿಂದ ಉರಿ ಕೆಡುತ್ತದೆ, ನಾಕಿಂಗ್ ಅಲ್ಲೇ ಉಳಿಯುತ್ತದೆ.

ಮುಂದಿನದು ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರುವ ಹೊತ್ತು. ಪ್ರತಿ 1 ಪಿಎಸ್‌ಐ ಬೂಸ್ಟ್‌ಗೆ ಸುಮಾರು 1 ಡಿಗ್ರಿ ರಿಟಾರ್ಡ್ ಮಾಡುವುದು (ಕಿಡಿ ತಡಮಾಡುವುದು) ಗ್ಯಾರೇಜಿನವರ ಲೆಕ್ಕ. ಪ್ಲಗ್‌ಗಳಿಗೆ ಕಿಡಿ ಹಂಚುವ ಹಳೆ ಡಿಸ್ಟ್ರಿಬ್ಯೂಟರಿನ ಸ್ಪ್ರಿಂಗ್‌ಗಳಿಗೆ ಬೂಸ್ಟ್ ಅಂದರೆ ಏನೆಂದೇ ಗೊತ್ತಿಲ್ಲ. ಒತ್ತಡ ನೋಡಿ ಟೈಮಿಂಗ್ ಬದಲಿಸುವ, ಪ್ರೋಗ್ರ್ಯಾಮ್ ಮಾಡಬಹುದಾದ ಡಿಸ್ಟ್ರಿಬ್ಯೂಟರ್ ಈಗ ಸಿಗುತ್ತದೆ. ಇಡೀ ಕೆಲಸದಲ್ಲಿ ಕಣ್ಣು ಮುಚ್ಚಿ ದುಡ್ಡು ಹಾಕಬಹುದಾದ ವಸ್ತು ಇದೊಂದೇ. ಪ್ಲಗ್ ಒಂದು ಹೆಜ್ಜೆ ತಣ್ಣನೆಯದಿರಲಿ, ಎನ್‌ಜಿಕೆಯಲ್ಲಿ 6ರ ಬದಲು 7. ಗ್ಯಾಪ್ 0.6 ಮಿ.ಮೀ.

ಸೂಜಿಯ ಕೆಲಸ

ಎಸ್‌ಯು ಕಾರ್ಬುರೇಟರಿನಲ್ಲಿ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣ) ನಿರ್ಧರಿಸುವುದು ಒಂದು ಚೂಪಾದ ಹಿತ್ತಾಳೆ ಸೂಜಿ. ಗಾಳಿ ಜಾಸ್ತಿಯಾದಂತೆ ಕಾರ್ಬುರೇಟರಿನೊಳಗಿನ ಪಿಸ್ಟನ್ ಜೊತೆ ಸೂಜಿ ಮೇಲೇಳುತ್ತದೆ. ಸೂಜಿ ತೆಳುವಾದಷ್ಟೂ ಪೆಟ್ರೋಲ್ ಜಾಸ್ತಿ. ಇದರ ದಪ್ಪವನ್ನು 1/8 ಇಂಚಿಗೊಮ್ಮೆ ಅಳೆದು ಪಟ್ಟಿ ಮಾಡುತ್ತಾರೆ. ಎಕ್ಸಾಸ್ಟ್ ಪೈಪಿಗೆ ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆಯಲ್ಲಿರುವ ಆಮ್ಲಜನಕ ಅಳೆಯುವುದು) ಹಾಕಿ, ಪೂರ್ತಿ ಬೂಸ್ಟ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 11.5ರಿಂದ 12ರ ಒಳಗೆ ಬರುವ ಸೂಜಿ ಹುಡುಕಿ. ಯಾವುದೂ ಹೊಂದದಿದ್ದರೆ ಸೂಜಿಯನ್ನು ಡ್ರಿಲ್‌ಗೆ ಸಿಕ್ಕಿಸಿ, ನಯವಾದ ಎಮರಿ ಹಾಳೆಯಿಂದ ಬೇಕಾದ ಜಾಗದಲ್ಲಿ ತುಸುವೇ ಉಜ್ಜುತ್ತಾರೆ. ಒಂದು ಉಜ್ಜು, ಒಂದು ಅಳತೆ. ಅವಸರ ಮಾಡಿದರೆ ಸೂಜಿ ಕಸದ ಬುಟ್ಟಿಗೆ.

ಎಥನಾಲ್ ಬೆರೆತ ಪೆಟ್ರೋಲ್ ಹಾಕುವವರು ಅದೇ ಪೆಟ್ರೋಲಿನಲ್ಲೇ ಟ್ಯೂನ್ ಮಾಡಿಸಿ. ಎಥನಾಲ್ ಇದ್ದರೆ ಇನ್ನೂ ರಿಚ್, ಅಂದರೆ ಇಂಧನ ಜಾಸ್ತಿ ಇರುವ ಮಿಕ್ಸ್ಚರ್ ಬೇಕು. ಹಳೆಯ ರಬ್ಬರ್ ಪೈಪನ್ನೂ ಅದು ತಿನ್ನುತ್ತದೆ.

ಮೊದಲ ಓಟ

ಅರ್ಧ ಬೂಸ್ಟ್‌ನಲ್ಲಿ ಸ್ವಲ್ಪ ಓಡಿಸಿ, ಎಂಜಿನ್ ನಿಲ್ಲಿಸಿ, ಪ್ಲಗ್ ಬಿಚ್ಚಿ, ಭೂತಗನ್ನಡಿ ಹಿಡಿದು ಬಿಳಿ ಪಿಂಗಾಣಿ ನೋಡಿ. ಕಾಳುಮೆಣಸಿನ ಪುಡಿ ಉದುರಿದಂಥ ಕಪ್ಪು ಚುಕ್ಕೆ, ಬೆಳ್ಳಗೆ ಮಿನುಗುವ ಕಣ ಕಂಡರೆ ನಾಕಿಂಗ್ ಶುರುವಾಗಿದೆ. ಆ ಮಿನುಗು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ. ನಾಲ್ಕೂ ಪ್ಲಗ್ ನೋಡಲೇಬೇಕು. ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್‌ಗೆ ಎರಡೇ ಇನ್‌ಲೆಟ್ ದಾರಿ ಇರುವುದರಿಂದ ಮಿಕ್ಸ್ಚರ್ ಸಮನಾಗಿ ಹಂಚಿಹೋಗುವುದಿಲ್ಲ. ಒಂದು ಚೆನ್ನಾಗಿದ್ದರೆ ಇನ್ನೊಂದೂ ಚೆನ್ನಾಗಿದೆ ಅನ್ನುವಂತಿಲ್ಲ.

ಗೇರ್‌ಬಾಕ್ಸ್ ಈ ಶಕ್ತಿಯನ್ನು ತಾಳಿಕೊಳ್ಳುತ್ತದೆ. ಕ್ಲಚ್ ಹಳೆಯದಾಗಿದ್ದರೆ ಜಾರುತ್ತದೆ, ಬದಲಿಸಿ. ಮುಂದಿನ ಡಿಸ್ಕ್ ಬ್ರೇಕ್‌ಗೆ ಒಳ್ಳೆಯ ಪ್ಯಾಡ್ ಸಾಕು.

ಕಾಗದಪತ್ರ

ಬ್ರಿಟನ್ನಿನಲ್ಲಿರುವ ಕನ್ನಡಿಗರು ಇಂಥ ಕಾರು ಇಟ್ಟುಕೊಂಡಿದ್ದರೆ ವಿಮೆ ಕಂಪನಿಗೆ ಮೊದಲೇ ತಿಳಿಸಿ. ಭಾರತದ ಕಥೆ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮವೂ ಕಾರು ಮೂಲ ರೂಪದಲ್ಲೇ ಇರಬೇಕು ಅನ್ನುತ್ತದೆ. ಹಾಗಾಗಿ ಇಲ್ಲಿನ ರಸ್ತೆಗೆ ಈ ಪ್ರಯೋಗ ಬೇಡ. ಎಲ್ಲಿ ಮಾಡಿದರೂ ಬಿಚ್ಚಿದ ಮ್ಯಾನಿಫೋಲ್ಡ್, ಎರಡು ಕಾರ್ಬುರೇಟರ್, ಹಳೆ ಪುಲ್ಲಿ, ಡಿಸ್ಟ್ರಿಬ್ಯೂಟರ್ ಎಲ್ಲಕ್ಕೂ ಎಣ್ಣೆ ಸವರಿ, ಚೀಟಿ ಕಟ್ಟಿ ಎತ್ತಿಡಿ. ಮುಂದೆ ಕಾರು ಕೊಳ್ಳುವವರು ಮೊದಲು ಕೇಳುವುದೇ ಅವನ್ನು.