ದೊಡ್ಡಪತ್ರೆಯ ರಸ ತೆಗೆಯುವ ಕ್ರಮ

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಮಕ್ಕಳಿಗೆ ಶೀತ, ಕೆಮ್ಮು ಶುರುವಾಗುತ್ತದೆ; ಮನೆಯ ಹಿರಿಯರು ಮೊದಲು ನೋಡುವುದು ಹಿತ್ತಿಲ ಬಾಗಿಲ ಬಳಿಯ ದೊಡ್ಡಪತ್ರೆಯ ಗಿಡವನ್ನು. ಸಾಂಬಾರಬಳ್ಳಿ, ಸಾಂಬ್ರಾಣಿ ಸೊಪ್ಪು ಎಂದೂ ಕರೆಯುವ ಇದು ತುಳಸಿ, ಪುದೀನಗಳ ಕುಟುಂಬಕ್ಕೆ ಸೇರಿದ ಸಸ್ಯ. ಎಲೆಯನ್ನು ಹಿಸುಕಿದಾಗ ಓಮದಂಥ ವಾಸನೆ ಬರುವುದು ಅದರ ತೈಲದಲ್ಲಿರುವ ಕಾರ್ವಕ್ರಾಲ್, ಥೈಮಾಲ್ ಎಂಬ ಅಂಶಗಳಿಂದ. ಇದು ಶೀತದ ವೈರಸ್ಸನ್ನು ಕೊಲ್ಲುವ ಔಷಧಿಯೆಂದು ತಿಳಿಯಬಾರದು. ಗಂಟಲ ಕೆರೆತ ಮತ್ತು ಕಫದ ಬಿಗಿತ ಸಡಿಲವಾಗುತ್ತದೆ ಎಂಬುದಷ್ಟೇ ನಮ್ಮ ಮನೆಗಳ ಅನುಭವ.

ಎಳೆಯ ಕುಡಿಯನ್ನಾಗಲಿ ಹಳದಿ ತಿರುಗಿದ ಬುಡದೆಲೆಯನ್ನಾಗಲಿ ಕೀಳದೆ, ನಡುವಿನ ದಪ್ಪನೆಯ ನಾಲ್ಕೈದು ಎಲೆಗಳನ್ನು ಆರಿಸಿಕೊಳ್ಳಿ. ಮೇಲಿನ ನವಿರಾದ ರೋಮಗಳಲ್ಲಿ ಮಣ್ಣು ಕೂರುವುದರಿಂದ ಎರಡು ಬಾರಿ ತೊಳೆದು, ನೀರು ಆರುವಂತೆ ಒರೆಸಬೇಕು. ಇನ್ನು ಬಾಡಿಸುವ ಕೆಲಸ. ರಸ ಸರಿಯಾಗಿ ಬರುವುದೂ ಬಾರದಿರುವುದೂ ಇಲ್ಲೇ ನಿರ್ಧಾರವಾಗುತ್ತದೆ. ಕಡುಬಿಗೆ ಬಾಳೆಎಲೆ ಬಾಡಿಸುವ ಹಾಗೆ, ಬಚ್ಚಲ ಒಲೆಯ ಕೆಂಡದ ಮೇಲಾಗಲಿ ಸಣ್ಣ ಉರಿಯಲ್ಲಿ ಕಾದ ಕಾವಲಿಯ ಮೇಲಾಗಲಿ ಎಲೆಯನ್ನು ಮಗುಚುತ್ತ ಹಿಡಿಯಬೇಕು. ಹಸಿರು ಮಾಸಿ, ಮುರಿಯುತ್ತಿದ್ದ ಎಲೆ ಮಡಚಿಕೊಳ್ಳುವಷ್ಟು ಮೆತ್ತಗಾದ ಕೂಡಲೇ ತೆಗೆಯಿರಿ. ಅಂಚು ಕಪ್ಪಾಯಿತೆಂದರೆ ರಸ ಕಹಿಯಾಗುತ್ತದೆ, ಮಕ್ಕಳು ಉಗುಳಿಬಿಡುತ್ತಾರೆ. ಸ್ವಲ್ಪ ಆರಿದ ಎಲೆಯನ್ನು ಶುದ್ಧವಾದ ತೆಳುಬಟ್ಟೆಯಲ್ಲಿಟ್ಟು ಹಿಂಡಿ, ಆಗಿಂದಾಗಲೇ ಬಳಸಿ, ನಾಳೆಗೆಂದು ಎತ್ತಿಡಬೇಡಿ.

ದೊಡ್ಡವರಿಗೆ ಒಂದು ಚಮಚ ರಸಕ್ಕೆ ಅಷ್ಟೇ ಜೇನುತುಪ್ಪ, ಐದು ವರ್ಷ ದಾಟಿದ ಮಕ್ಕಳಿಗೆ ಅರ್ಧ ಚಮಚ, ದಿನಕ್ಕೆ ಎರಡು ಸಲ ಸಾಕು. ಹಸುಗೂಸಿಗೂ ಒಳಲೆಯಲ್ಲಿ ರಸ ಮತ್ತು ಜೇನು ಕುಡಿಸುವ ವಾಡಿಕೆ ನಮ್ಮಲ್ಲಿದೆ. ಹಿರಿಯರ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳುತ್ತೇನೆ, ಅದನ್ನು ಬಿಡಲೇಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪದಿಂದ ಬಾಟ್ಯುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಅಂಥ ಶಿಶುವಿನ ಕೆಮ್ಮಿಗೆ ವೈದ್ಯರೇ ಸರಿ.

ರಸ ಒಲ್ಲದವರಿಗೆ ತಂಬುಳಿ ಇದೆ. ಹತ್ತು ಎಲೆಗಳನ್ನು ಹೆಚ್ಚಿ, ಅರ್ಧ ಚಮಚ ಜೀರಿಗೆ ಮತ್ತು ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಹಸಿ ವಾಸನೆ ಹೋಗುವವರೆಗೆ ಹುರಿಯಬೇಕು. ಆರಿದ ಮೇಲೆ ಕಾಲು ಬಟ್ಟಲು ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ, ತುಪ್ಪದ ಒಗ್ಗರಣೆ ಕೊಟ್ಟರಾಯಿತು. ತಂಬುಳಿಯನ್ನು ಕುದಿಸುವಂತಿಲ್ಲ, ಮಜ್ಜಿಗೆ ಒಡೆಯುತ್ತದೆ. ಬಿಸಿ ಅನ್ನಕ್ಕೆ ಮೊದಲು ಇದನ್ನೇ ಕಲಸಿಕೊಳ್ಳುವುದು ರೂಢಿ.

ಪಿತ್ತಗಂಧೆಗೆ ಎಲೆಯನ್ನು ಉಜ್ಜುವವರು ಮೊದಲು ಮೊಣಕೈಯ ಒಳಬದಿಗೆ ಚೂರು ಹಚ್ಚಿ ಉರಿ ಬರುವುದೇ ಎಂದು ನೋಡಿಕೊಳ್ಳಲಿ. ತುಟಿ, ಮುಖ ಊದಿಕೊಂಡರೆ ಅಥವಾ ಉಸಿರು ಬಿಗಿದರೆ ಮನೆಮದ್ದಿಗೆ ಕೈಹಾಕದೆ ಆಸ್ಪತ್ರೆಗೆ ಓಡಬೇಕು.

ಗಿಡಕ್ಕೆ ಹೆಚ್ಚಿನ ಆರೈಕೆ ಬೇಡ. ಗೇಣುದ್ದದ ಕಡ್ಡಿ ಊರಿದರೆ ಚಿಗುರುತ್ತದೆ. ಜಡಿಮಳೆಗೆ ಬುಡ ಕೊಳೆಯುವುದರಿಂದ ಮಳೆಗಾಲದಲ್ಲಿ ಕುಂಡವನ್ನು ಮಾಡಿನ ಕೆಳಗೆ ಇಡಿ.

ಜ್ವರ ಜೊತೆಗಿದ್ದರೆ ಮಾತ್ರ ಲೆಕ್ಕ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯನ್ನು ಇನ್ನೂ ಬಿಟ್ಟಿಲ್ಲ. ಅದನ್ನು ಹರಡುವ ಉಣುಗುಗಳ ಕಾಟ ಚಳಿಗಾಲದಿಂದ ಬೇಸಿಗೆಯವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋಗಿ ಬಂದವರಿಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕಾಯಿಸುತ್ತ ಕೂರದೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಬೇಕು. ಅಲ್ಲಿ ವೈದ್ಯರಿಗೆ ಕಾಡಿಗೆ ಹೋದದ್ದನ್ನೂ, ಮನೆಯಲ್ಲಿ ಯಾವ ರಸವನ್ನು ಎಷ್ಟು ದಿನ ಕೊಟ್ಟಿರೆಂಬುದನ್ನೂ ಮುಚ್ಚಿಡದೆ ಹೇಳಿ.