ಡ್ರಾಪ್ ಸಿ ಗಿಟಾರಿಗೆ 8ಕೆ ಪಿಕಪ್: ನನ್ನ ಅನುಭವ

ಬಾಸ್‌ವುಡ್ ಬಾಡಿ, 25.5 ಇಂಚಿನ ಸ್ಕೇಲ್, ಡ್ರಾಪ್ ಸಿ ಟ್ಯೂನಿಂಗ್ (ಮಾಮೂಲಿಗಿಂತ ತಗ್ಗು, ಅತಿ ದಪ್ಪ ಸ್ಟ್ರಿಂಗ್ ಸಿ ಸ್ವರಕ್ಕೆ), 11-54 ಸ್ಟ್ರಿಂಗ್. ಈ ಗಿಟಾರಿನ ಬ್ರಿಡ್ಜ್‌ನಲ್ಲಿ ಈಗ ಇರುವ ಪಿಕಪ್ (ಸ್ಟ್ರಿಂಗಿನ ನಡುಕವನ್ನು ಕರೆಂಟಿನ ಸಿಗ್ನಲ್ ಮಾಡುವ ಭಾಗ) ಸೀಮೋರ್ ಡಂಕನ್ ಕಂಪನಿಯ 59. ಆಲ್ನಿಕೊ 5 ಮ್ಯಾಗ್ನೆಟ್, ಮೀಟರಿನಲ್ಲಿ ಸುಮಾರು 8ಕೆ (8 ಸಾವಿರ ಓಮ್). ಮೊದಲು ಅಲ್ಲಿ ಇದ್ದದ್ದು ಅದೇ ಕಂಪನಿಯ ಜೆಬಿ, 16ಕೆ ಮೇಲೆ. ಅರ್ಧಕ್ಕರ್ಧ ಇಳಿಸ್ತೀನಿ ಅಂದಾಗ ಹುಬ್ಬಳ್ಳಿಯಲ್ಲಿ ಮೆಟಲ್ ಬಾರಿಸುವವರೆಲ್ಲ ನಕ್ಕು ಕೇಳಿದ್ದು ಒಂದೇ ಮಾತು: "ಇನ್ನ ಬ್ಲೂಸ್ ಬಾರಸ್ತಿ ಏನ?" ಈಗ ಅವರಲ್ಲೇ ಇಬ್ಬರು ತಮ್ಮ ಗಿಟಾರ್ ತಂದು ನನ್ನ ಟೇಬಲ್ ಮೇಲೆ ಇಟ್ಟು ಹೋಗಿದ್ದಾರೆ.

ಓಮ್ ಹೆಚ್ಚಿದ್ದಷ್ಟೂ ಜೋರು ಅಂತ ಓಮ್ ನೋಡಿ ಪಿಕಪ್ ಕೊಳ್ಳುವುದೇ ದುಡ್ಡು ಹಾಳಾಗುವ ಮೊದಲ ದಾರಿ. ಸಣ್ಣ ಗೇಜಿನ ತಂತಿ ಸುತ್ತಿದರೆ ಸುತ್ತು ಹೆಚ್ಚದಿದ್ದರೂ ಓಮ್ ಏರುತ್ತದೆ. ಡಂಕನ್‌ದೇ ಜೆಬಿ ಮತ್ತು ಡಿಸ್ಟಾರ್ಷನ್ ಎರಡೂ 16.5ಕೆ ಆಸುಪಾಸು. ಒಂದರಲ್ಲಿ ಆಲ್ನಿಕೊ ಮ್ಯಾಗ್ನೆಟ್, ಇನ್ನೊಂದರಲ್ಲಿ ಸಿರಾಮಿಕ್. ಬಾರಿಸಿ ನೋಡಿದರೆ ಸಂಬಂಧವೇ ಇಲ್ಲ. ಡಿಮಾರ್ಜಿಯೊ ಕಂಪನಿಯ ಸೂಪರ್ ಡಿಸ್ಟಾರ್ಷನ್ 13.7ಕೆ ಅಷ್ಟೇ, ಆದರೂ ಜೋರಿಗೆ ಕೊರತೆ ಇಲ್ಲ. ಮೇಲಾಗಿ ತಾಮ್ರದ ರೆಸಿಸ್ಟೆನ್ಸ್ ಹತ್ತು ಡಿಗ್ರಿಗೆ ಶೇ. 4ರಷ್ಟು ಏರುತ್ತದೆ. 25 ಡಿಗ್ರಿಯಲ್ಲಿ 8.1 ತೋರಿಸಿದ್ದು ಏಪ್ರಿಲ್ ಮಧ್ಯಾಹ್ನ ಗದಗಿನಲ್ಲಿ 8.5 ತೋರಿಸುತ್ತದೆ. ಸೆಕೆಂಡ್ ಹ್ಯಾಂಡ್ ವ್ಯವಹಾರದಲ್ಲಿ "ಇದು ಡೂಪ್ಲಿಕೇಟ್" ಅಂತ ಜಗಳ ಎದ್ದರೆ ಮೊದಲು ಬಿಸಿಲು ನೋಡಿ.

ಪಿಕಪ್ ಆರಿಸಲು ನಾನು ಮಾಡಿದ್ದು ಇಷ್ಟು. ಕರೆಂಟಿನ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸ್ಕ್ರೂ ಕನೆಕ್ಟರ್ ಪಟ್ಟಿ ತಂದು, ಮೂರು ಮನೆ ಕತ್ತರಿಸಿ, ಕ್ಯಾವಿಟಿಯಲ್ಲಿ (ಗಿಟಾರಿನ ವೈರಿಂಗ್ ಇರುವ ಗುಂಡಿ) ಕೂಡಿಸಿದೆ. ಒಂದನೇ ಮನೆಗೆ ಹಾಟ್ (ಸಿಗ್ನಲ್ ಹೋಗುವ ತಂತಿ), ಎರಡನೆಯದಕ್ಕೆ ಸೀರೀಸ್ ಜೋಡಿ (ಪಿಕಪ್ಪಿನ ಎರಡು ಕಾಯಿಲ್ ಒಂದಕ್ಕೊಂದು ಸೇರುವ ತಂತಿಗಳು), ಮೂರನೆಯದಕ್ಕೆ ಗ್ರೌಂಡ್ ಮತ್ತು ಬರಿ ತಂತಿ. ಡಂಕನ್‌ನಲ್ಲಿ ಕಪ್ಪು ಹಾಟ್, ಕೆಂಪು-ಬಿಳಿ ಜೋಡಿ, ಹಸಿರು ಗ್ರೌಂಡ್. ಡಿಮಾರ್ಜಿಯೊದಲ್ಲಿ ಕೆಂಪು ಹಾಟ್, ಕಪ್ಪು-ಬಿಳಿ ಜೋಡಿ, ಹಸಿರು ಗ್ರೌಂಡ್. ಚೀನಾ ಪಿಕಪ್ಪಿನ ಬಣ್ಣ ನಂಬಬೇಡಿ, ಮೀಟರ್ ಹಿಡಿದು ಎರಡು ಕಾಯಿಲ್ ಬೇರೆ ಮಾಡಿಕೊಳ್ಳಿ. ತಂತಿಯ ತುದಿಗೆ ಸೋಲ್ಡರ್ ಹಚ್ಚಿ ಸ್ಕ್ರೂ ಬಿಗಿದರೆ ಸ್ವಲ್ಪ ದಿನಕ್ಕೆ ಸಡಿಲಾಗುತ್ತದೆ. ಎಳೆ ಮಡಚಿ ಹಾಗೇ ಬಿಗಿಯಬೇಕು. ಪಟ್ಟಿಗೆ ಸುತ್ತ ಇನ್ಸುಲೇಷನ್ ಟೇಪ್ ಬೇಕೇ ಬೇಕು. ಹಾಟ್ ಹೋಗಿ ಕ್ಯಾವಿಟಿಗೆ ಹಚ್ಚಿದ ತಾಮ್ರದ ಫಾಯಿಲ್ ಮುಟ್ಟಿದರೆ ಗಿಟಾರ್ ಪೂರಾ ಮೂಕ.

ಹೀಗೆ ಮಾಡಿದರೆ ಪಿಕಪ್ ಬದಲಿಸಲು ಸೋಲ್ಡರಿಂಗ್ ಬೇಡ, ಹೆಚ್ಚೆಂದರೆ ಕಾಲು ಗಂಟೆ. ಮೊದಲ ಫ್ರೆಟ್‌ಗೆ ಕೇಪೊ ಹಾಕಿ ಸ್ಟ್ರಿಂಗ್ ಸಡಿಲು ಮಾಡಿದರೆ ಮೇಲಿನ ಸುತ್ತು ಬಿಚ್ಚುವುದಿಲ್ಲ. ಕನೆಕ್ಟರ್ ಹಾಕಿದರೆ ಗುಂಯ್ ಅನ್ನುತ್ತೆ ಅಂತ ಹೆದರಿಸಿದವರು ಬಹಳ. ಕ್ಯಾವಿಟಿಗೆ ಫಾಯಿಲ್ ಹಚ್ಚಿ ಗ್ರೌಂಡಿಗೆ ಕೊಟ್ಟಿದ್ದರೆ ಏನೂ ಆಗುವುದಿಲ್ಲ.

ಜೋಡಿಸಿದ ಮೇಲೆ ವಾಲ್ಯೂಮ್ ಪೂರಾ ಏರಿಸಿ, ಕೇಬಲ್ಲಿನ ಆ ತುದಿಯಲ್ಲಿ ಓಮ್ ನೋಡಿ. 16.4ಕೆ ಪಿಕಪ್, 500ಕೆ ಪಾಟ್ (ವಾಲ್ಯೂಮ್ ತಿರುಗಿಸುವ ಭಾಗ) ಇದ್ದರೆ 15.9 ಬರಬೇಕು. 8 ಬಂದರೆ ಒಂದು ಕಾಯಿಲ್ ಗ್ರೌಂಡಿಗೆ ಹೋಗಿದೆ. 500 ಬಂದರೆ ಸೀರೀಸ್ ಜೋಡಿ ಬಿಟ್ಟಿದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್. ಕ್ಯಾವಿಟಿಯ ಮುಚ್ಚಳ ಹಾಕುವ ಮೊದಲೇ ಇದನ್ನು ನೋಡಿಕೊಂಡರೆ ಅರ್ಧ ಕೆಲಸ ಉಳಿಯುತ್ತದೆ.

ಆಮೇಲೆ ರೆಕಾರ್ಡಿಂಗ್. ಅದೇ ಪಿಕ್, ಅದೇ ರಿಫ್, ಆಂಪ್ ಇಲ್ಲದೆ ನೇರ ಇಂಟರ್‌ಫೇಸ್‌ಗೆ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಸ್ಟ್ರಿಂಗಿಗೂ ಪೋಲ್‌ಗೂ ಎಲ್ಲ ಪಿಕಪ್‌ಗಳಿಗೆ 2 ಮಿ.ಮೀ. ಕೇಳುವ ಮೊದಲು ಎಲ್ಲ ಫೈಲುಗಳ ಮಟ್ಟ ಒಂದಕ್ಕೊಂದು ಸರಿ ಮಾಡಿದೆ. ಜೆಬಿ ನಾಲ್ಕೈದು ಡಿಬಿ ಮುಂದಿತ್ತು ಅಂತ ನೆನಪು. ಯಾವುದು ಜೋರೋ ಅದೇ ಚೆಂದ ಅನ್ನಿಸುವುದು ಕಿವಿಯ ಗುಣ. ಮಟ್ಟ ಸರಿ ಮಾಡಿ, ಹೆಸರು ಮುಚ್ಚಿ, ಕಂಪ್ಯೂಟರಿನ ಒಂದೇ ಹೈ ಗೇನ್ ಆಂಪ್ ಸಿಮ್‌ನಲ್ಲಿ ಕೇಳಿಸಿದಾಗ ನಕ್ಕವರೇ 59 ಆರಿಸಿದರು.

ಕಾರಣ ದೊಡ್ಡದೇನಲ್ಲ. ಈಗಿನ ಆಂಪ್, ಪೆಡಲ್, ಸಿಮ್ ಎಲ್ಲದರಲ್ಲೂ ಗೇನ್ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಜೆಬಿಯಂಥ ಜೋರಿನ ಪಿಕಪ್ಪಿನ ಇಂಡಕ್ಟೆನ್ಸ್ ಹೆಚ್ಚು. ಕೇಬಲ್ ಸೇರಿ 600 ಪಿಕೊಫ್ಯಾರಡ್ ಹಿಡಿದರೆ 4.5 ಹೆನ್ರಿಯ ಪಿಕಪ್ ತುದಿ ಏಳುವುದು 3 ಕಿಲೊಹರ್ಟ್ಸ್ ಹತ್ತಿರ, 8 ಹೆನ್ರಿಯದು 2.3ರ ಹತ್ತಿರ. ಆ ತುದಿಯ ಮೇಲಿನ ಸದ್ದು ಕುಗ್ಗುತ್ತದೆ. ಡ್ರಾಪ್ ಸಿಯಲ್ಲಿ ಪಾಮ್ ಮ್ಯೂಟ್ ಹೊಡೆದಾಗ ಪಿಕ್ ತಾಗಿದ ಸದ್ದು ಇರುವುದೇ ಆ ಮೇಲಿನ ಜಾಗದಲ್ಲಿ. ಅದು ಹೋದರೆ ಉಳಿಯುವುದು ಗೊಜ್ಜು. 59ರ ಮುಂದೆ ಓವರ್‌ಡ್ರೈವ್ ಪೆಡಲ್ ಇಟ್ಟು ಡ್ರೈವ್ ಸೊನ್ನೆ, ಲೆವೆಲ್ ಪೂರಾ ಇಟ್ಟರೆ ಕಳೆದುಕೊಂಡ ಜೋರು ವಾಪಸ್, ಕೆಳಗಿನ ಕೆಸರೂ ಸೋಸಿ ಹೋಗುತ್ತದೆ. ಈ ಹಂತದಲ್ಲಿ ಪೋಲ್ ಸ್ಕ್ರೂಗಳನ್ನು ಹೇಗೆ ಹೆಚ್ಚುಕಡಿಮೆ ಇಡುತ್ತೇನೆ ಅನ್ನುವ ಲೆಕ್ಕ ಮಾತ್ರ ಇಲ್ಲಿ ಬರೆಯುವುದಿಲ್ಲ, ಗಿಟಾರ್ ತಂದವರಿಗೆ ಮಾಡಿ ಕೊಡ್ತೀನಿ.

ಹಾಗಂತ ಜೆಬಿ ಕೆಟ್ಟದ್ದಲ್ಲ. ಒಂದೇ ಚಾನೆಲ್ಲಿನ ಹಳೆಯ ಆಂಪ್ ಇದ್ದವರಿಗೆ, ಸ್ಟ್ಯಾಂಡರ್ಡ್ ಟ್ಯೂನಿಂಗ್‌ನಲ್ಲಿ ಲೀಡ್ ಬಾರಿಸುವವರಿಗೆ ಅದೇ ಸರಿ. ಇಎಂಜಿ 81 (ಬ್ಯಾಟರಿಯಿಂದ ನಡೆಯುವ ಪಿಕಪ್) ಬೇಕು ಅನ್ನುವವರು ಬ್ಯಾಟರಿಗೆ ಜಾಗ ಇದೆಯೇ ನೋಡಲಿ. 25ಕೆ ಪಾಟ್, ಸ್ಟೀರಿಯೊ ಜಾಕ್ ಎರಡೂ ಬೇಕು. ನೆಕ್‌ನಲ್ಲಿ ಪ್ಯಾಸಿವ್ (ಬ್ಯಾಟರಿ ಇಲ್ಲದ) ಪಿಕಪ್ ಉಳಿಸಿ ಅದೇ 25ಕೆ ಪಾಟಿಗೆ ಕೊಟ್ಟರೆ ನೆಕ್ ಸತ್ತಂತೆ.

ದುಡ್ಡಿನ ಮಾತು. ಹೊಸ ಡಂಕನ್ ಒಂದಕ್ಕೆ ಹತ್ತು-ಹನ್ನೆರಡು ಸಾವಿರ, ಸೆಕೆಂಡ್ ಹ್ಯಾಂಡ್ ಆರೇಳು. ಜೆಬಿ ಮಾರಿದ್ದರಲ್ಲಿ ಮೂರು ಸಾವಿರ ಹೋಯಿತು, 59 ಹಳೆಯದೇ ಸಿಕ್ಕಿದ್ದರಿಂದ ಸರಿದೂಗಿತು. ಇದಕ್ಕೂ ಮೊದಲು ಖರ್ಚು ಮಾಡಬೇಕಾದ್ದು ಪಾಟಿಗೆ. ಕಂಪನಿ ಪಾಟ್ 500 ಅಂತ ಬರೆದದ್ದು ಅಳೆದರೆ 410 ಬಂತು. ಊರಿನ ರೇಡಿಯೊ ಸ್ಪೇರ್ಸ್ ಅಂಗಡಿಯಲ್ಲಿ 470ಕೆ ಲಾಗ್ ಸಿಗುತ್ತದೆ, ನಲವತ್ತು-ಐವತ್ತು ರೂಪಾಯಿ. ಮೀಟರ್ ಒಯ್ದು ಅಲ್ಲೇ ಅಳೆದು 500 ದಾಟಿದ್ದನ್ನು ಆರಿಸಿ. ಒಂದೇ ಕಿರಿಕಿರಿ, ಶಾಫ್ಟ್ ನುಣುಪು ಇರುತ್ತದೆ, ಹಲ್ಲಿನ ನಾಬ್ ಕೂಡುವುದಿಲ್ಲ. ಪಕ್ಕಕ್ಕೆ ಸ್ಕ್ರೂ ಇರುವ ನಾಬ್ ತರಬೇಕು. ಪಾಟಿನ ಬೆನ್ನಿಗೆ ಗ್ರೌಂಡ್ ಹಚ್ಚಲು 25 ವಾಟ್ ಐರನ್ ಸಾಲದು. ಸೋಲ್ಡರ್ ಗುಂಡಾಗಿ ಕೂತು ಆಮೇಲೆ ಕಿತ್ತು ಬರುತ್ತದೆ. 60 ವಾಟ್ ಇಟ್ಟು ಮೂರು ಸೆಕೆಂಡಿನಲ್ಲಿ ಮುಗಿಸಿ.

ನಡುವೆ ಸ್ವತಃ ಸುತ್ತುವ ಪ್ರಯೋಗವೂ ಆಯಿತು. ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಯಲ್ಲಿ 42 ಗೇಜ್ ಅಂದರೆ ಕೊಡುವುದು ಎಸ್‌ಡಬ್ಲ್ಯುಜಿ 42 (ಬ್ರಿಟಿಷ್ ಗೇಜ್), ಅಂದರೆ 0.1 ಮಿ.ಮೀ. ಪಿಕಪ್ಪಿಗೆ ಬೇಕಾದ್ದು ಎಡಬ್ಲ್ಯುಜಿ 42 (ಅಮೆರಿಕದ ಗೇಜ್), 0.063 ಮಿ.ಮೀ. ದಪ್ಪ ತಂತಿಯಲ್ಲಿ 5,000 ಸುತ್ತಿನ ಅರ್ಧವೂ ಬಾಬಿನ್ನಿನಲ್ಲಿ ಹಿಡಿಯುವುದಿಲ್ಲ. ಕೇಳಬೇಕಾದ್ದು ಎಸ್‌ಡಬ್ಲ್ಯುಜಿ 46, ಅದು 0.061. ಮೋಟರ್ ಅಂಗಡಿಗಳಲ್ಲಿ ಇಷ್ಟು ಸಣ್ಣದು ಇಡುವುದಿಲ್ಲ, ತರಿಸಬೇಕು.

ಅದಕ್ಕಿಂತ ಲಾಭದ ಪ್ರಯೋಗ ಮ್ಯಾಗ್ನೆಟ್ ಬದಲಿಸುವುದು. ಅಗ್ಗದ ಗಿಟಾರಿನ ಸಿರಾಮಿಕ್ ಪಿಕಪ್ಪಿನ ತಳದ ನಾಲ್ಕು ಸ್ಕ್ರೂ ಸಡಿಲಿಸಿ (ಪೂರಾ ತೆಗೆಯಬೇಡಿ), ಹಳೆಯ ಮ್ಯಾಗ್ನೆಟ್ ಪಟ್ಟಿ ಪಕ್ಕಕ್ಕೆ ತಳ್ಳಿ, ಆಲ್ನಿಕೊ 5 ತೂರಿಸಿ. ಪಟ್ಟಿ ಇನ್ನೂರು-ಮುನ್ನೂರು ರೂಪಾಯಿ. ತೆಗೆಯುವ ಮೊದಲು ದಿಕ್ಸೂಚಿ ಹಿಡಿದು ಉತ್ತರದ ಬದಿಗೆ ಮಾರ್ಕರ್ ಹಚ್ಚಿ. ತಿರುವುಮುರುವಾದರೆ ಎರಡೂ ಪಿಕಪ್ ಕೂಡಿಸಿದಾಗ ಸದ್ದು ಟೊಳ್ಳಾಗುತ್ತದೆ. ಜೋರು ಮಾಡಿದಾಗ ಕೀಚ್ ಅಂದರೆ ಮೇಣದ ಸ್ನಾನ: ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 65 ಡಿಗ್ರಿ. ಥರ್ಮಾಮೀಟರ್ ಬಿಟ್ಟು ಕಣ್ಣಂದಾಜು ಮಾಡಿದರೆ ಬಾಬಿನ್ ಸೊಟ್ಟಗಾಗುತ್ತದೆ. ಗುಳ್ಳೆ ನಿಲ್ಲುವವರೆಗೆ ಬಿಟ್ಟರೆ ಸಾಕು.

ಪಿಕಪ್ ಬದಲಿಸಿದರೂ ಗುಂಯ್ ಹೋಗಲಿಲ್ಲ ಅನ್ನುವವರು ಮನೆಯ ಪ್ಲಗ್ ನೋಡಬೇಕು. ಧಾರವಾಡದ ಹಳೆಯ ಮನೆಗಳಲ್ಲಿ ಮೂರನೇ ತೂತಿಗೆ ತಂತಿಯೇ ಇರುವುದಿಲ್ಲ. ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟಿನ ಹತ್ತಿರ ಬರದಿದ್ದರೆ ಯಾವ ಹಂಬಕರ್ (ಎರಡು ಕಾಯಿಲ್ಲಿನ ಪಿಕಪ್) ಹಾಕಿದರೂ ಅಷ್ಟೇ. ಗಣಪತಿ ಪೆಂಡಾಲಿನ ಎಲ್‌ಇಡಿ ಡಿಮ್ಮರಿನ ಬಜ್ ಕೂಡ ಎರಡು ಕಾಯಿಲ್‌ಗೆ ಬಗ್ಗುವುದಿಲ್ಲ. ಅದಕ್ಕೆ ಬೇಕಾದ್ದು ಫಾಯಿಲ್ ಮತ್ತು ಒಳ್ಳೆಯ ಶೀಲ್ಡ್ ಕೇಬಲ್.

ನೆಕ್‌ಗೆ ಡಂಕನ್ ಜಾಝ್ ಹಾಕಿದೆ, ಬ್ರಿಡ್ಜಿಗಿಂತ ಒಂದು ಮಿ.ಮೀ. ಕೆಳಗೆ. ಕೊಳ್ಳುವ ಮೊದಲು ಬ್ರಿಡ್ಜ್ ಪಿಕಪ್ ಮೇಲೆ ಹೊರಗಿನ ಎರಡು ಸ್ಟ್ರಿಂಗ್ ನಡುವೆ ಸ್ಕೇಲ್ ಇಟ್ಟು ನೋಡಿ. 51 ಮಿ.ಮೀ. ಮೇಲೆ ಇದ್ದರೆ ಅಗಲದ ಮಾದರಿ ಬೇಕು: ಡಂಕನ್‌ನಲ್ಲಿ ಟ್ರೆಂಬಕರ್, ಡಿಮಾರ್ಜಿಯೊದಲ್ಲಿ ಎಫ್ ಸ್ಪೇಸ್ ಅಂತ ಹೇಳಿ ತರಿಸಿ.