ಮೂರು ಗೊಬ್ಬರ, ಒಂದು ಎಕ್ಸೆಲ್ ಶೀಟು: ಅನೋವಾ ಮಾಡುವುದು ಹೀಗೆ

ಸಿಂಧನೂರು ಕಡೆಯ ಗದ್ದೆ. ಹದಿನೈದು ಮಡಿ, ಮೂರು ಥರದ ಗೊಬ್ಬರ, ಒಂದೊಂದು ಗೊಬ್ಬರಕ್ಕೆ ಐದು ಮಡಿ. ಭತ್ತದ ಪೈರು ಎಷ್ಟೆತ್ತರ ಬಂತು ಅಂತ ಅಳೆದು, ಮಡಿಗೊಂದರಂತೆ ಸರಾಸರಿ ಬರೆದುಕೊಂಡಿದ್ದೀರಿ. ಅಂಕಿಗಳು ಹೀಗಿವೆ ಅಂದುಕೊಳ್ಳಿ, ಎಲ್ಲ ಸೆಂಟಿಮೀಟರ್‌ನಲ್ಲಿ, ಲೆಕ್ಕ ತೋರಿಸಲು ನಾನೇ ಹಾಕಿಕೊಂಡವು:

ಕೊಟ್ಟಿಗೆ ಗೊಬ್ಬರ: 82, 85, 79, 84, 80
ಯೂರಿಯಾ: 88, 86, 91, 87, 88
ಎರೆಗೊಬ್ಬರ: 83, 86, 84, 88, 84

ಸರಾಸರಿ 82, 88, 85. ಯೂರಿಯಾ ಗೆದ್ದಿತು ಅಂತ ಹೇಳಿಬಿಡಬಹುದಾ? ತಡೆಯಿರಿ. ಒಂದೇ ಗೊಬ್ಬರ ತಿಂದ ಮಡಿಗಳಲ್ಲೇ 79ರಿಂದ 85ರವರೆಗೆ ಏರಿಳಿತ ಇದೆಯಲ್ವಾ? ಗುಂಪು ಗುಂಪಿನ ನಡುವಿನ ವ್ಯತ್ಯಾಸ ಈ ಒಳಗಿನ ಏರಿಳಿತಕ್ಕಿಂತ ಎಷ್ಟು ಪಟ್ಟು ದೊಡ್ಡದು ಅಂತ ನೋಡುವುದೇ ಅನೋವಾ. ಇದನ್ನು 1920ರ ದಶಕದಲ್ಲಿ ರೂಪಿಸಿದ ರೊನಾಲ್ಡ್ ಫಿಶರ್ ಕೆಲಸ ಮಾಡುತ್ತಿದ್ದದ್ದು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ. ಅಂದರೆ ಇದು ಹೊಲದಿಂದಲೇ ಬಂದ ಲೆಕ್ಕ.

ಎಕ್ಸೆಲ್‌ನಲ್ಲಿ ಒಂದು ಗೊಬ್ಬರಕ್ಕೆ ಒಂದು ಕಾಲಂ, ಮೊದಲ ಸಾಲಿನಲ್ಲಿ ಹೆಸರು, ಕೆಳಗೆ ಬರೀ ಅಂಕಿ. ನಾನು ಮೊದಲ ಸಲ '82 ಸೆಂ.ಮೀ' ಅಂತ ಟೈಪ್ ಮಾಡಿ, ಎಕ್ಸೆಲ್ ಯಾಕೆ ತಕರಾರು ತೆಗೆಯುತ್ತಿದೆ ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೆ. ಒಂದು ಮಡಿ ಹಾಳಾಗಿ ಅಳತೆ ಸಿಗದಿದ್ದರೆ ಆ ಮನೆ ಖಾಲಿ ಬಿಡಿ. ಸೊನ್ನೆ ಹಾಕಿದಿರೋ, ಪೈರಿನ ಎತ್ತರ ಸೊನ್ನೆ ಅಂತಲೇ ಅದು ನಂಬುತ್ತದೆ.

ಡೇಟಾ ಟ್ಯಾಬಿನಲ್ಲಿ 'ಡೇಟಾ ಅನಾಲಿಸಿಸ್' ಕಾಣದಿದ್ದರೆ ಗಾಬರಿ ಬೇಡ. ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ, ಕೆಳಗಿನ 'ಗೋ' ಒತ್ತಿ, 'ಅನಾಲಿಸಿಸ್ ಟೂಲ್‌ಪ್ಯಾಕ್'ಗೆ ಟಿಕ್ ಹಾಕಿ. ಆಮೇಲೆ ಡೇಟಾ ಅನಾಲಿಸಿಸ್ ತೆರೆದು 'ಅನೋವಾ: ಸಿಂಗಲ್ ಫ್ಯಾಕ್ಟರ್' ಆರಿಸಿ, ಹೆಸರಿನ ಸಾಲೂ ಸೇರಿಸಿ ಮೂರೂ ಕಾಲಂ ಎಳೆದು, 'ಲೇಬಲ್ಸ್'ಗೆ ಟಿಕ್ ಹಾಕಿ, ಆಲ್ಫಾ 0.05 (ವ್ಯತ್ಯಾಸ ಇಲ್ಲದಿದ್ದರೂ ಇದೆ ಅಂದುಬಿಡುವ ತಪ್ಪಿಗೆ ನೂರಕ್ಕೆ ಐದರ ಮಿತಿ) ಹಾಗೇ ಬಿಟ್ಟು ಓಕೆ ಕೊಡಿ. ಲಿಬ್ರೆಆಫೀಸ್‌ನವರಿಗೆ ಇದು ಡೇಟಾ ಮೆನುವಿನ 'ಸ್ಟ್ಯಾಟಿಸ್ಟಿಕ್ಸ್' ಒಳಗಿದೆ.

ಬರುವ ಕೋಷ್ಟಕದಲ್ಲಿ ಗುಂಪುಗಳ ನಡುವಿನ ವರ್ಗಮೊತ್ತ (ಸರಾಸರಿಯಿಂದ ಇರುವ ದೂರಗಳ ವರ್ಗಗಳ ಮೊತ್ತ) 90, ಅದನ್ನು 2ರಿಂದ (ಮೂರು ಗುಂಪಿಗೆ ಒಂದು ಕಡಿಮೆ) ಭಾಗಿಸಿದರೆ 45. ಗುಂಪಿನೊಳಗಿನದು 56, ಅದನ್ನು 12ರಿಂದ (ಹದಿನೈದು ಮಡಿಗೆ ಮೂರು ಕಡಿಮೆ) ಭಾಗಿಸಿದರೆ 4.67. 45ನ್ನು 4.67ರಿಂದ ಭಾಗಿಸಿದರೆ 9.64, ಮೇಲೆ ಹೇಳಿದ 'ಎಷ್ಟು ಪಟ್ಟು' ಅನ್ನುವುದು ಇದೇ, ಇದರ ಹೆಸರು ಎಫ್. ಗಡಿ ಬೆಲೆ, ಅಂದರೆ ಆಲ್ಫಾ 0.05ಕ್ಕೆ ಎಫ್ ದಾಟಬೇಕಾದದ್ದು, 3.89 ಮಾತ್ರ. ಪಿ-ವ್ಯಾಲ್ಯೂ ಸುಮಾರು 0.003, ಅಂದರೆ ಗೊಬ್ಬರಗಳಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ದರೆ ಇಷ್ಟು ದೊಡ್ಡ ಎಫ್ ಸಿಗುವುದು ಸಾವಿರದಲ್ಲಿ ಮೂರು ಸಲ.

ಆದರೆ ಯಾವುದು ಯಾವುದಕ್ಕಿಂತ ಬೇರೆ ಅಂತ ಅನೋವಾ ಹೇಳುವುದಿಲ್ಲ. ಜೋಡಿ ಜೋಡಿಯಾಗಿ ಮೂರು ಟಿ-ಟೆಸ್ಟ್ (ಎರಡು ಸರಾಸರಿ ಹೋಲಿಸುವ ಪರೀಕ್ಷೆ) ಮಾಡಿದರೆ ಸುಮ್ನೆ ತಪ್ಪಿನ ಸಾಧ್ಯತೆ ಜಾಸ್ತಿ ಆಗುತ್ತದೆ. ಎಲ್ಲ ಜೋಡಿಗಳನ್ನೂ ಒಟ್ಟಿಗೆ ಹೋಲಿಸುವ ಟೂಕಿ ಪರೀಕ್ಷೆ ಮಾಡಿ. ಟೂಲ್‌ಪ್ಯಾಕ್‌ನಲ್ಲಿ ಅದಿಲ್ಲ, ಕೈಲೆಕ್ಕವೇ ಗತಿ: ಟೂಕಿ ಕೋಷ್ಟಕದಲ್ಲಿ ಮೂರು ಗುಂಪು ಮತ್ತು ಆ 12ಕ್ಕೆ ಸಿಗುವ ಅಂಕಿ 3.77; 4.67ನ್ನು 5ರಿಂದ (ಗುಂಪಿಗೆ ಐದು ಮಡಿ) ಭಾಗಿಸಿ, ಬಂದದ್ದರ ವರ್ಗಮೂಲದಿಂದ ಈ 3.77ನ್ನು ಗುಣಿಸಿದರೆ 3.64. ಎರಡು ಸರಾಸರಿಗಳ ಅಂತರ ಇದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಲೆಕ್ಕಕ್ಕೆ. ಯೂರಿಯಾಕ್ಕೂ ಕೊಟ್ಟಿಗೆ ಗೊಬ್ಬರಕ್ಕೂ 6 ಅಂತರ, ಸರಿ. ಎರೆಗೊಬ್ಬರ ಎರಡರಿಂದಲೂ 3 ದೂರ, ಅದರ ಬಗ್ಗೆ ಏನೂ ಹೇಳುವಂತಿಲ್ಲ.

ಇನ್ನೊಂದು ಮಾತು, ನನ್ನ ಪ್ರಕಾರ ಮೇಲಿನ ಎಲ್ಲದಕ್ಕಿಂತ ದೊಡ್ಡದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿ ನೋಡಿ, ಮೇಲಿನವರ ಗದ್ದೆ ತುಂಬಿದ ಮೇಲೆ ತಮಗೆಷ್ಟು ನೀರು ಬರುತ್ತದೆ ಅಂತ. ಯೂರಿಯಾದ ಐದೂ ಮಡಿ ನೀರು ಬರುವ ಬಾಯಲ್ಲಿದ್ದು, ಕೊಟ್ಟಿಗೆ ಗೊಬ್ಬರದ್ದು ಕೊನೆಯಲ್ಲಿದ್ದರೆ ನೀವು ಅಳೆದದ್ದು ನೀರನ್ನು, ಗೊಬ್ಬರವನ್ನಲ್ಲ. ಒಂದೇ ಮಡಿಯ ಐದು ಪೈರು ಅಳೆದು ಐದು ಅಂಕಿ ಅನ್ನುವುದೂ ಇಂಥದ್ದೇ ತಪ್ಪು. ಎಕ್ಸೆಲ್‌ಗೆ ಇದ್ಯಾವುದೂ ಗೊತ್ತಾಗುವುದಿಲ್ಲ, ಪಿ-ವ್ಯಾಲ್ಯೂ ಅಂದವಾಗಿಯೇ ಬರುತ್ತದೆ. ಹಾಗಾಗಿ ಮೊದಲು ಹದಿನೈದು ಚೀಟಿ ಬರೆದು ಡಬ್ಬಿಯಲ್ಲಿ ಕುಲುಕಿ, ಯಾವ ಮಡಿಗೆ ಯಾವುದು ಅಂತ ಎತ್ತಿ. ಗೊಬ್ಬರದ ಚೀಲ ಬಿಚ್ಚುವುದು ಆಮೇಲೆ.